ಸೊರಾರಿಟಿ: ಅಮೆರಿಕದ ಕಾಲೇಜುಗಳ ಸೋದರಿ ಸಂಘ

ಅಮೆರಿಕದಲ್ಲಿ, ಸ್ವಲ್ಪ ಮಟ್ಟಿಗೆ ಕೆನಡಾದಲ್ಲೂ, ಕಾಲೇಜು ವಿದ್ಯಾರ್ಥಿನಿಯರು ಕಟ್ಟಿಕೊಂಡಿರುವ ಸಂಘಕ್ಕೆ ಸೊರಾರಿಟಿ ಎಂದು ಹೆಸರು. ಅರ್ಜಿ ತುಂಬಿ ಶುಲ್ಕ ಕಟ್ಟಿದ ಮಾತ್ರಕ್ಕೆ ಇಲ್ಲಿ ಸದಸ್ಯತ್ವ ಸಿಗುವುದಿಲ್ಲ. ಒಳಗಿರುವವರು ಒಪ್ಪಿ ಕರೆದರೆ ಮಾತ್ರ ಪ್ರವೇಶ. ಹೆಚ್ಚಿನ ಸಂಘಗಳ ಹೆಸರು ಎರಡು ಅಥವಾ ಮೂರು ಗ್ರೀಕ್ ಅಕ್ಷರಗಳದು. ಪ್ರತಿಯೊಂದಕ್ಕೂ ತನ್ನದೇ ಬಣ್ಣ, ಹೂವು, ಎದೆಯ ಮೇಲೆ ಧರಿಸುವ ಪಿನ್ನು, ಹೊರಗಿನವರಿಗೆ ಹೇಳಬಾರದ ದೀಕ್ಷಾವಿಧಿ ಇರುತ್ತವೆ. ಒಂದು ಕಾಲೇಜಿನಲ್ಲಿರುವ ಶಾಖೆಯನ್ನು ಚಾಪ್ಟರ್ ಎನ್ನುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಚಾಪ್ಟರ್‌ಗೆ ದೊಡ್ಡದೊಂದು ಮನೆಯೂ ಇರುತ್ತದೆ. ಹತ್ತಾರು ಹುಡುಗಿಯರು ಅಲ್ಲೇ ಉಂಡು, ಓದಿ, ಮಲಗುತ್ತಾರೆ. ಹುಡುಗರ ಇಂಥ ಸಂಘ ಫ್ರಟರ್ನಿಟಿ. ಎರಡನ್ನೂ ಸೇರಿಸಿ ಗ್ರೀಕ್ ಲೈಫ್ ಎನ್ನುವುದು ವಾಡಿಕೆ.

ಹೆಸರಿನ ಬೇರು ಲ್ಯಾಟಿನ್ನಿನ ‘ಸೊರೊರ್’, ಅಂದರೆ ಅಕ್ಕ ಅಥವಾ ತಂಗಿ. ಸಂಸ್ಕೃತದ ‘ಸ್ವಸೃ’ ಮತ್ತು ಈ ‘ಸೊರೊರ್’ ಒಂದೇ ಮೂಲದ ಪದಗಳು. ನಾವು ಬಳಸುವ ‘ಸೋದರಿ’ಯ ಹುಟ್ಟು ಬೇರೆ; ಅವಳು ಒಂದೇ ಉದರದಿಂದ ಬಂದವಳು. ಗ್ರೀಕಿನ ‘ಅಡೆಲ್ಫೆ’ ಎಂಬ ಪದಕ್ಕೂ ಹೆಚ್ಚುಕಡಿಮೆ ಇದೇ ಅರ್ಥ. ಈ ಬಗೆಯ ಸಂಘಗಳಲ್ಲಿ ಮೊದಲನೆಯದೆಂದು ಗಣಿಸಲಾಗುವ ಸಂಘ 1851ರಲ್ಲಿ ತನಗೆ ಇಟ್ಟುಕೊಂಡ ಹೆಸರು ಅಡೆಲ್ಫಿಯನ್ ಸೊಸೈಟಿ. ಒಡಹುಟ್ಟದವರನ್ನು ಒಡಹುಟ್ಟಿದವರೆಂದು ಬರಮಾಡಿಕೊಳ್ಳುವುದು ಸೊರಾರಿಟಿಯ ಜೀವಾಳ. ಆದರೆ ಒಡಹುಟ್ಟಿದವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಸೊರಾರಿಟಿಯಲ್ಲಿ ಆರಿಸಲೇಬೇಕು. ಆರಿಸುವ ಕೈಯೇ ಕೆಲವರನ್ನು ಬಾಗಿಲಾಚೆ ನಿಲ್ಲಿಸುತ್ತದೆ. ಈ ಸಂಸ್ಥೆಯ ಹಿರಿಮೆಯೂ ಇದರ ಮೇಲಿನ ದೂರುಗಳೂ ಈ ಒಂದೇ ಜಾಗದಿಂದ ಹೊರಡುತ್ತವೆ.

ಹುಡುಗರ ಸಂಘಗಳು ಮೊದಲು ಬಂದವು. ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಗ್ರೀಕ್ ಅಕ್ಷರ, ಗುಟ್ಟಿನ ಕೈಕುಲುಕು, ಲಾಂಛನಗಳ ಮಾದರಿ ಹಾಕಿಕೊಟ್ಟಿತು. ಆಗ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲೇ ತೆರೆದಿರಲಿಲ್ಲ. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಫೀಮೇಲ್ ಕಾಲೇಜು ಹೆಣ್ಣುಮಕ್ಕಳಿಗೆ ಪದವಿ ಕೊಡುವ ಅಧಿಕಾರವನ್ನು 1836ರಲ್ಲಿ ಪಡೆಯಿತು. ಯುಜೀನಿಯಾ ಟಕರ್ ಮತ್ತು ಅವಳ ಗೆಳತಿಯರು ಅಡೆಲ್ಫಿಯನ್ ಸೊಸೈಟಿ ಕಟ್ಟಿದ್ದು ಅಲ್ಲೇ. ಮರುವರ್ಷ ಅದೇ ಕಾಲೇಜಿನಲ್ಲಿ ಫಿಲೊಮೇಥಿಯನ್ ಸೊಸೈಟಿ ಬಂತು. ಇಂದು ಇವೆರಡೂ ಆಲ್ಫಾ ಡೆಲ್ಟಾ ಪೈ, ಫೈ ಮ್ಯೂ ಎಂಬ ಹೆಸರಿನಲ್ಲಿ ದೇಶದಾದ್ಯಂತ ಹರಡಿವೆ.

ಮೇಕನ್ನಿನದು ಹುಡುಗಿಯರದೇ ಕಾಲೇಜು. ಗಂಡಸರ ನಡುವೆ ಕೂತು ಓದಬೇಕಾದ ಕಡೆ ಸೊರಾರಿಟಿಯ ಅಗತ್ಯ ಬೇರೆಯೇ ತೀವ್ರತೆಯಿಂದ ಕಂಡಿತು. ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಈಗ ಡಿಪಾ ವಿಶ್ವವಿದ್ಯಾಲಯ ಎಂದು ಕರೆಯುವ ಸಂಸ್ಥೆ 1867ರಲ್ಲಿ ಹುಡುಗಿಯರನ್ನು ಸೇರಿಸಿಕೊಂಡಿತು. ಮೊದಲ ತಂಡದಲ್ಲಿದ್ದ ಬೆಟ್ಟಿ ಲಾಕ್ ಗಣಿತದ ಪ್ರಾಧ್ಯಾಪಕರೊಬ್ಬರ ಮಗಳು. ಫೈ ಗಾಮಾ ಡೆಲ್ಟಾ ಎಂಬ ಹುಡುಗರ ಸಂಘ ತನ್ನ ಪಿನ್ನನ್ನು ಧರಿಸುವಂತೆ ಅವಳನ್ನು ಕೇಳಿತು. ಪೂರ್ಣ ಸದಸ್ಯೆಯಾಗಿ ದೀಕ್ಷೆ ಕೊಡುವಿರಾ ಎಂದು ಅವಳು ಕೇಳಿದಳು. ಅದಕ್ಕೆ ಅವರು ಸಿದ್ಧರಿರಲಿಲ್ಲ. ಪಿನ್ನು ಬೇಡವೆಂದಳು, ಅವರು ಅದರ ಬದಲು ಬೆಳ್ಳಿಯ ಕೇಕ್ ಬುಟ್ಟಿಯೊಂದನ್ನು ಉಡುಗೊರೆ ಕೊಟ್ಟರು. ಅಲಂಕಾರಕ್ಕೆ ಬೇಕಾದ ಹುಡುಗಿ ಅಧಿಕಾರಕ್ಕೆ ಬೇಡವಾದಳು ಎಂಬುದನ್ನು ಆ ಬೆಳ್ಳಿ ಬುಟ್ಟಿಗಿಂತ ಸ್ಪಷ್ಟವಾಗಿ ಯಾವ ದಾಖಲೆಯೂ ಹೇಳಲಾರದು. 1870ರ ಜನವರಿ 27ರಂದು ಬೆಟ್ಟಿ ಮೂವರು ಗೆಳತಿಯರೊಡನೆ ಕಪ್ಪಾ ಆಲ್ಫಾ ಥೀಟಾ ಸ್ಥಾಪಿಸಿದಳು. ಹೆಂಗಸರಿಗಾಗಿ ಗ್ರೀಕ್ ಅಕ್ಷರಗಳ ಹೆಸರಿನಲ್ಲೇ ಹುಟ್ಟಿದ ಮೊದಲ ಸಂಘ ಅದು.

ಇಲಿನಾಯ್‌ನ ಮನ್ಮತ್ ಕಾಲೇಜಿನಲ್ಲಿ ಇದಕ್ಕೂ ಮೊದಲೇ, 1867ರಲ್ಲಿ, ಹನ್ನೆರಡು ಹುಡುಗಿಯರು ಐ. ಸಿ. ಸೊರೊಸಿಸ್ ಎಂಬ ಗುಟ್ಟಿನ ಸಂಘ ಮಾಡಿಕೊಂಡಿದ್ದರು. ಮುಂದೆ ಅದು ಪೈ ಬೀಟಾ ಫೈ ಆಯಿತು. ಅದೇ ಕಾಲೇಜಿನಲ್ಲಿ 1870ರ ಅಕ್ಟೋಬರ್‌ನಲ್ಲಿ ಕಪ್ಪಾ ಕಪ್ಪಾ ಗಾಮಾದ ಹುಡುಗಿಯರು ಪುಟ್ಟ ಚಿನ್ನದ ಕೀಲಿಕೈಗಳನ್ನು ಮುಡಿಗೆ ಸಿಕ್ಕಿಸಿಕೊಂಡು ಪ್ರಾರ್ಥನಾ ಮಂದಿರಕ್ಕೆ ನಡೆದುಬಂದು ತಮ್ಮ ಇರವನ್ನು ಸಾರಿದರು. ಇವೆಲ್ಲ ತಮ್ಮನ್ನು ಫ್ರಟರ್ನಿಟಿ ಎಂದೇ ಕರೆದುಕೊಳ್ಳುತ್ತಿದ್ದವು. ಬೇರೆ ಪದ ಇರಲಿಲ್ಲ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾದ ಹುಡುಗಿಯರಿಗೆ ‘ಸೊರಾರಿಟಿ’ ಎಂಬ ಪದ ಸೂಚಿಸಿದವರು ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕ ಫ್ರ್ಯಾಂಕ್ ಸ್ಮಾಲಿ ಎಂದು ಆ ಸಂಘದ ಚರಿತ್ರೆ ಹೇಳುತ್ತದೆ. ಸಂಘಗಳು ಹೆಚ್ಚಿ ಪೈಪೋಟಿಯೂ ಹೆಚ್ಚಿದಾಗ 1902ರಲ್ಲಿ ನಿಯಮಗಳಿಗಾಗಿ ಒಂದು ಒಕ್ಕೂಟ ಬಂತು. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಈಗ 26 ಸಂಘಗಳಿವೆ.

ಇಂದು ಹುಡುಗಿಯೊಬ್ಬಳು ಈ 26ರಲ್ಲಿ ಒಂದನ್ನು ಸೇರುವ ಬಗೆಯನ್ನು ನೋಡಬೇಕಾದರೆ ಅಲಬಾಮಾ ವಿಶ್ವವಿದ್ಯಾಲಯದ ಊರಾದ ಟಸ್ಕಲೂಸಾಕ್ಕೆ ಹೋಗಬೇಕು. ಅಲ್ಲಿ ಆಗಸ್ಟ್‌ನಲ್ಲಿ, ತರಗತಿ ಶುರುವಾಗುವ ಮುನ್ನ, ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು ಏಕಕಾಲಕ್ಕೆ ಈ ಆಯ್ಕೆಗೆ ನಿಲ್ಲುತ್ತಾರೆ. ಕಾಗದದ ಮೇಲೆ ಇದರ ಹೆಸರು ರಿಕ್ರೂಟ್‌ಮೆಂಟ್, ಜನರ ಬಾಯಲ್ಲಿ ಇನ್ನೂ ರಷ್. ಆಯ್ಕೆಗೆ ನಿಂತವಳು ‘ಪಿ. ಎನ್. ಎಂ.’, ಅಂದರೆ ಸದಸ್ಯೆಯಾಗಬಹುದಾದವಳು. 2021ರಲ್ಲಿ ಈ ಹುಡುಗಿಯರು ತಾವು ತೊಟ್ಟ ಬಟ್ಟೆ, ಒಡವೆಗಳನ್ನು ವಿವರಿಸುತ್ತಾ ಟಿಕ್‌ಟಾಕ್‌ನಲ್ಲಿ ಹಾಕಿದ ಚಿಕ್ಕ ವಿಡಿಯೊಗಳು ಜಗತ್ತಿನಾದ್ಯಂತ ಹರಿದಾಡಿದವು. ವಿಡಿಯೊದಲ್ಲಿ ಕಾಣುವುದು ಬಟ್ಟೆ ಮಾತ್ರ. ಆ ವಾರದ ನಿಜವಾದ ಕೆಲಸ ಮಾತು.

ಮೊದಲ ಸುತ್ತಿನಲ್ಲಿ ಹುಡುಗಿಯರು ಒಂದೊಂದೇ ಮನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ದಕ್ಷಿಣದ ಆಗಸ್ಟ್ ಬಿಸಿಲು, ಸೆಕೆ. ಕೈಯಲ್ಲಿ ದೊಡ್ಡ ಚೀಲ. ಅದರಲ್ಲಿ ಕೈಬೀಸಣಿಗೆ, ಬೆವರೊರೆಸುವ ಕಾಗದ, ಡಿಯೊಡರೆಂಟ್, ನಡೆಯಲು ಬೇರೆ ಚಪ್ಪಲಿ. ಹೊತ್ತಾದೊಡನೆ ಚೀಲವನ್ನು ಹುಲ್ಲಿನ ಮೇಲೇ ಬಿಡಬೇಕು. ಮುಂಬಾಗಿಲು ತಟ್ಟನೆ ತೆರೆಯುತ್ತದೆ. ಒಳಗಿನ ಹುಡುಗಿಯರು ಒಬ್ಬರ ಮೇಲೊಬ್ಬರು ಬಾಗಿ ಬಾಗಿಲ ತುಂಬ ಮುಖಗಳೇ ಆಗಿ ನಿಂತು, ಚಪ್ಪಾಳೆ ತಟ್ಟುತ್ತಾ ತಮ್ಮ ಸಂಘದ ಘೋಷಣೆ ಕೂಗುತ್ತಾರೆ. ಕೂಗು ನಿಂತ ಮೇಲೆ ಒಬ್ಬೊಬ್ಬಳು ಒಬ್ಬೊಬ್ಬ ಹೊಸಬಳ ಕೈಹಿಡಿದು ಒಳಕ್ಕೆ ಕರೆದೊಯ್ಯುತ್ತಾಳೆ. ಯಾವ ಊರು, ಏನು ಓದು, ಬೇಸಿಗೆಯಲ್ಲಿ ಏನು ಮಾಡಿದೆ. ಮಾತು ಹದಕ್ಕೆ ಬರುವಷ್ಟರಲ್ಲಿ ಇನ್ನೊಬ್ಬಳು ಬಂದು ಮೆಲ್ಲನೆ ಹೆಗಲು ಮುಟ್ಟುತ್ತಾಳೆ. ಮೊದಲಿನವಳು ಎದ್ದು ಹೋಗುತ್ತಾಳೆ, ಎರಡನೆಯವಳು ಅದೇ ನಗುವಿನೊಂದಿಗೆ ಕೂರುತ್ತಾಳೆ. ಇದಕ್ಕೆ ‘ಬಂಪ್’ ಎನ್ನುತ್ತಾರೆ. ಯಾರು ಯಾವ ಕ್ಷಣ ಯಾರ ಹೆಗಲು ಮುಟ್ಟಬೇಕೆಂದು ಸಂಘದವರು ದಿನಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಹುಡುಗರು, ಹೆಂಡ, ಬೈಬಲ್, ದುಡ್ಡು, ಮತದಾನ, ಈ ಐದರ ಸುದ್ದಿ ಎತ್ತಬಾರದೆಂದು ಹೊಸಬರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಐದೂ ‘ಬಿ’ ಅಕ್ಷರದಿಂದ ಶುರುವಾಗುವುದರಿಂದ ನೆನಪಿಡುವುದು ಸುಲಭ. ಹದಿನೆಂಟರ ಹುಡುಗಿ ದಿನಕ್ಕೆ ಹಲವು ಮನೆಗಳಲ್ಲಿ ಹತ್ತಾರು ಜನರೊಡನೆ ಇಂಥ ಮಾತಾಡಿ, ರಾತ್ರಿ ಗಂಟಲು ಕಟ್ಟಿಕೊಂಡು ಕೋಣೆಗೆ ಮರಳುತ್ತಾಳೆ.

ಅವಳು ಮಲಗಿದ ಮೇಲೆ ಎರಡು ಕಡೆ ಲೆಕ್ಕ ನಡೆಯುತ್ತದೆ. ಮನೆಯವರು ತಾವು ಕಂಡ ಹುಡುಗಿಯರಿಗೆ ಅಂಕ ಹಾಕಿರುತ್ತಾರೆ. ಹುಡುಗಿಯರೂ ಮನೆಗಳಿಗೆ ಸ್ಥಾನ ಕೊಟ್ಟಿರುತ್ತಾರೆ. ಕಂಪ್ಯೂಟರ್ ಎರಡನ್ನೂ ತಾಳೆ ನೋಡುತ್ತದೆ. ಬೆಳಗಾದರೆ ಫೋನಿಗೆ ಆ ದಿನದ ಪಟ್ಟಿ ಬರುತ್ತದೆ. ನಿನ್ನೆ ನಗುತ್ತಾ ಕೈಹಿಡಿದಿದ್ದ ಮನೆ ಇಂದಿನ ಪಟ್ಟಿಯಲ್ಲಿ ಇರುವುದಿಲ್ಲ. ಕಾರಣ ಯಾರೂ ಹೇಳುವುದಿಲ್ಲ. ಇದನ್ನು ‘ಡ್ರಾಪ್’ ಎನ್ನುತ್ತಾರೆ. ರಷ್ ಮುಗಿಸಿ ಬಂದವರು ಬಹುಕಾಲ ನೆನೆಯುವುದು ಈ ಬೆಳಗಿನ ಹೊತ್ತನ್ನೇ. ಪ್ರತಿ ಗುಂಪಿಗೂ ಒಬ್ಬ ಹಿರಿಯ ವಿದ್ಯಾರ್ಥಿನಿ ಸಲಹೆಗಾರ್ತಿಯಾಗಿ ಇರುತ್ತಾಳೆ. ಕೆಲವೆಡೆ ಅವಳನ್ನು ರೋ ಗಾಮಾ ಎಂದೂ ಕೆಲವೆಡೆ ಪೈ ಕೈ ಎಂದೂ ಕರೆಯುತ್ತಾರೆ. ತಾನು ಯಾವ ಸಂಘದವಳೆಂಬುದನ್ನು ಆ ವಾರವೆಲ್ಲ ಅವಳು ಮುಚ್ಚಿಟ್ಟಿರಬೇಕು. ಅಳುವವರ ಪಕ್ಕ ಕೂರುವುದು ಅವಳ ಪಾಲಿನ ದೊಡ್ಡ ಕೆಲಸ.

ಮುಂದಿನ ಸುತ್ತುಗಳು ಸಂಘದ ಸೇವಾಕಾರ್ಯ ಮತ್ತು ಸೋದರಿತನದ ಪರಿಚಯಕ್ಕೆ ಮೀಸಲು. ಕೊನೆಯದು ಪ್ರಿಫರೆನ್ಸ್, ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಎರಡು ಮನೆಗಳು ಉಳಿದಿರುತ್ತವೆ. ಅಂದು ಕೂಗಿಲ್ಲ, ಚಪ್ಪಾಳೆಯಿಲ್ಲ. ಮಂದ ಬೆಳಕು, ಮೇಣದಬತ್ತಿ, ಒಬ್ಬಳ ಎದುರು ಒಬ್ಬಳು. ಕೊನೆಯ ವರ್ಷದ ಹುಡುಗಿಯರು ಈ ಮನೆ ತಮಗೆ ಏನು ಕೊಟ್ಟಿತೆಂದು ಹೇಳುತ್ತಾರೆ. ಸಾವು ನೋವುಗಳಲ್ಲಿ ಯಾರು ಪಕ್ಕದಲ್ಲಿ ನಿಂತರೆಂದು ಹೇಳುವಾಗ ಕೇಳುವವರಿಗೂ ಹೇಳುವವರಿಗೂ ಕಣ್ಣು ತುಂಬುತ್ತದೆ. ಆ ಕೋಣೆಯಿಂದ ಹೊರಬಂದ ಹುಡುಗಿ ತನ್ನ ಕೊನೆಯ ಆಯ್ಕೆಗೆ ಸಹಿ ಹಾಕುತ್ತಾಳೆ. ಆ ಸಹಿಗೆ ಬೆಲೆಯಿದೆ. ತಾನು ಬರೆದುಕೊಟ್ಟ ಸಂಘದಿಂದ ಕರೆ ಬಂದು ಅದನ್ನು ಬೇಡವೆಂದರೆ, ಅದೇ ಕ್ಯಾಂಪಸ್ಸಿನಲ್ಲಿ ಒಕ್ಕೂಟದ ಬೇರೆ ಯಾವ ಸಂಘಕ್ಕೂ ಒಂದು ವರ್ಷ ಸೇರುವಂತಿಲ್ಲ. ಕರೆಗೆ ‘ಬಿಡ್’ ಎಂದು ಹೆಸರು. ಟಸ್ಕಲೂಸಾದಲ್ಲಿ ಬಿಡ್ ಡೇಯಂದು ಬ್ರಯಂಟ್ ಡೆನ್ನಿ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಲಕೋಟೆ ಒಡೆದು, ತಮ್ಮ ಹೊಸ ಮನೆಯ ಕಡೆಗೆ ಓಡುತ್ತಾರೆ. ಓಡಲು ಮನೆಯಿಲ್ಲದವರು ಆ ಚಿತ್ರಗಳಲ್ಲಿ ಕಾಣುವುದಿಲ್ಲ.

ಸೇರಿದ ಮೇಲಿನ ದಿನಗಳು ಇಷ್ಟು ಉದ್ವೇಗದವಲ್ಲ. ಕೆಲವು ವಾರ ಹೊಸ ಸದಸ್ಯೆಯರಿಗೆ ಸಂಘದ ಚರಿತ್ರೆ, ನಿಯಮಗಳ ಪಾಠ. ಪ್ರತಿ ಹೊಸಬಳಿಗೂ ಒಬ್ಬ ‘ಬಿಗ್’, ಅಂದರೆ ಅಕ್ಕ ನಿಗದಿಯಾಗುತ್ತಾಳೆ. ಹೊಸಬಳು ಅವಳ ‘ಲಿಟ್ಲ್’. ಅಕ್ಕ ತಾನು ಯಾರೆಂದು ಹೇಳದೆ ಒಂದು ವಾರ ದಿನವೂ ತಿಂಡಿ, ಬಟ್ಟೆ, ಚೀಟಿಗಳನ್ನು ಕಳುಹಿಸಿ, ಕೊನೆಗೆ ಮುಖ ತೋರಿಸುತ್ತಾಳೆ. ಅಕ್ಕನ ಅಕ್ಕ ಅಜ್ಜಿ. ಹೀಗೆ ವಂಶವೃಕ್ಷವೇ ಬೆಳೆಯುತ್ತದೆ. ಸದಸ್ಯೆಯೊಬ್ಬಳಿಗೆ ಮದುವೆ ಗೊತ್ತಾದರೆ ಹಲವು ಮನೆಗಳಲ್ಲಿ ದೀಪದ ವೃತ್ತ ಕೂಡುತ್ತದೆ. ಎಲ್ಲರೂ ಸುತ್ತ ನಿಂತು ಉರಿಯುವ ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರ ಮದುವೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಬತ್ತಿ ಸುತ್ತುತ್ತಲೇ ಇದ್ದು, ಒಂದು ಕೈಯಲ್ಲಿ ನಿಂತು, ಅವಳು ಉಫ್ ಎಂದು ಆರಿಸಿದಾಗ ಮನೆ ಕಿತ್ತುಹೋಗುವಂತೆ ಕಿರುಚಾಟ.

ಖರ್ಚು ಸಣ್ಣದಲ್ಲ. ಸದಸ್ಯತ್ವದ ಶುಲ್ಕ, ಮನೆಯ ಬಾಡಿಗೆ, ಊಟ ಎಲ್ಲ ಸೇರಿ ದೊಡ್ಡ ಕ್ಯಾಂಪಸ್‌ಗಳಲ್ಲಿ ವರ್ಷಕ್ಕೆ ಸಾವಿರಾರು ಡಾಲರ್. ಅಂಕಗಳ ಮಟ್ಟ ಕುಸಿಯಬಾರದು, ವಾರದ ಸಭೆ ತಪ್ಪಿಸಬಾರದು. ಪ್ರತಿ ಸಂಘಕ್ಕೂ ಒಂದು ಗೊತ್ತಾದ ಸೇವಾಕಾರ್ಯವಿದೆ: ಡೆಲ್ಟಾ ಗಾಮಾದವರದು ದೃಷ್ಟಿದೋಷವುಳ್ಳವರ ನೆರವು, ಝೀಟಾ ಟೌ ಆಲ್ಫಾದವರದು ಸ್ತನ ಕ್ಯಾನ್ಸರ್ ಜಾಗೃತಿ, ಡೆಲ್ಟಾ ಡೆಲ್ಟಾ ಡೆಲ್ಟಾದವರು ಹಣ ಕೂಡಿಸುವುದು ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ. ಇಪ್ಪತ್ತರ ಹುಡುಗಿ ನೂರಾರು ಜನರ ಸಂಘದ ಖಜಾಂಚಿಯಾಗಿ ಬಜೆಟ್ ಬರೆಯುವುದು, ಅಡುಗೆಯವರ ಸಂಬಳ ನೋಡುವುದು, ಜಗಳ ಬಿಡಿಸುವುದು ಯಾವ ತರಗತಿಯಲ್ಲೂ ಸಿಗದ ಪಾಠ. ನಲವತ್ತು ಸಾವಿರ ವಿದ್ಯಾರ್ಥಿಗಳ ಊರಿನಂಥ ಕ್ಯಾಂಪಸ್ಸಿಗೆ ಒಬ್ಬಳೇ ಬಂದಿಳಿದವಳಿಗೆ, ಹೆಸರು ಹಿಡಿದು ಕರೆಯುವ ಮನೆಯೊಂದು ಸಿಗುವುದು ಸಣ್ಣ ಮಾತಲ್ಲ. ಸೊರಾರಿಟಿಯನ್ನು ಬರೀ ಆಡಂಬರವೆಂದು ತಳ್ಳಿಹಾಕುವವರು ಈ ಒಂಟಿತನವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಬಾಗಿಲಾಚೆಯ ಕಥೆಯೂ ಇಷ್ಟೇ ಹಳೆಯದು. ಕ್ಯಾಥೊಲಿಕ್ ಮತ್ತು ಯಹೂದಿ ಹುಡುಗಿಯರನ್ನು ಹಳೆಯ ಸಂಘಗಳು ಸೇರಿಸಿಕೊಳ್ಳದಿದ್ದಾಗ ಅವರು ತಮ್ಮವೇ ಸಂಘ ಕಟ್ಟಿಕೊಂಡರು. 1909ರಲ್ಲಿ ನ್ಯೂಯಾರ್ಕಿನ ಬಾರ್ನರ್ಡ್ ಕಾಲೇಜಿನಲ್ಲಿ ಹುಟ್ಟಿದ ಆಲ್ಫಾ ಎಪ್ಸಿಲಾನ್ ಫೈ, 1912ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದ ಥೀಟಾ ಫೈ ಆಲ್ಫಾ ಹೀಗೆ ಬಂದವು. ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಮಾಲಿ ಯಾರ್ಡ್ ಎಂಬ ವಿದ್ಯಾರ್ಥಿನಿ ತನ್ನ ಯಹೂದಿ ಸಹಪಾಠಿಯನ್ನು ತನ್ನದೇ ಸೊರಾರಿಟಿ ನಿರಾಕರಿಸಿದ್ದನ್ನು ಸಹಿಸಲಿಲ್ಲ. ಅವಳು ಮುಂದಾಳಾಗಿ ನಡೆಸಿದ ಚಳವಳಿಯಿಂದ 1930ರ ದಶಕದಲ್ಲಿ ಆ ಕಾಲೇಜಿನ ಸೊರಾರಿಟಿಗಳೇ ಮುಚ್ಚಿದವು. ಇದೇ ಯಾರ್ಡ್ ಮುಂದೆ ಅಮೆರಿಕದ ದೊಡ್ಡ ಮಹಿಳಾ ಸಂಘಟನೆಯಾದ ‘ನೌ’ದ ಅಧ್ಯಕ್ಷೆಯಾದರು.

ಕಪ್ಪು ಹೆಣ್ಣುಮಕ್ಕಳು ಹೊರಗುಳಿದ ಕಾಲದಲ್ಲಿ ಕಟ್ಟಿದ್ದು ಇನ್ನೂ ದೊಡ್ಡದು. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಹೆಜ್‌ಮನ್ ಮತ್ತು ಜೊತೆಗಾರ್ತಿಯರು 1908ರ ಜನವರಿ 15ರಂದು ಆಲ್ಫಾ ಕಪ್ಪಾ ಆಲ್ಫಾ ಸ್ಥಾಪಿಸಿದರು. ಸಾರ್ವಜನಿಕ ಕೆಲಸಕ್ಕೆ ಇನ್ನಷ್ಟು ಒತ್ತು ಬೇಕೆಂದ 22 ಹುಡುಗಿಯರು 1913ರ ಜನವರಿಯಲ್ಲಿ ಬೇರೆಯಾಗಿ ಡೆಲ್ಟಾ ಸಿಗ್ಮಾ ಥೀಟಾ ಮಾಡಿಕೊಂಡರು. ಎರಡೇ ತಿಂಗಳಲ್ಲಿ, ಮಾರ್ಚ್ 3ರಂದು, ಮಹಿಳೆಯರ ಮತಾಧಿಕಾರಕ್ಕಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಮೆರವಣಿಗೆಯಲ್ಲಿ ಅವರು ಹೆಜ್ಜೆ ಹಾಕಿದರು. ಮೆರವಣಿಗೆಯ ಸಂಘಟಕರೇ ಕಪ್ಪು ಮಹಿಳೆಯರು ಬರುವುದನ್ನು ಮನಸಾರೆ ಬಯಸಿರಲಿಲ್ಲ. ಮುಂದೆ ಝೀಟಾ ಫೈ ಬೀಟಾ (1920), ಏಳು ಶಿಕ್ಷಕಿಯರು ಇಂಡಿಯಾನಾಪೊಲಿಸ್‌ನಲ್ಲಿ ಕಟ್ಟಿದ ಸಿಗ್ಮಾ ಗಾಮಾ ರೋ (1922) ಬಂದವು. ಈ ನಾಲ್ಕು ಮತ್ತು ಐದು ಫ್ರಟರ್ನಿಟಿಗಳು ಸೇರಿ ‘ಡಿವೈನ್ ನೈನ್’.

ಇವುಗಳಲ್ಲಿ ಬಾಗಿಲ ಕೂಗು, ಕಂಪ್ಯೂಟರ್ ತಾಳೆ ಇಲ್ಲ. ಆಸಕ್ತಿ ತೋರಿದವರನ್ನು ಚಿಕ್ಕ ಗುಂಪಾಗಿ ಸದ್ದಿಲ್ಲದೆ ಸೇರಿಸಿಕೊಳ್ಳುತ್ತಾರೆ; ಗುಂಪಿಗೆ ‘ಲೈನ್’ ಎಂದು ಹೆಸರು, ಸೇರುವುದಕ್ಕೆ ‘ಕ್ರಾಸ್’ ಆಗುವುದು ಎನ್ನುತ್ತಾರೆ. ಹೊಸಬರನ್ನು ಸಾರ್ವಜನಿಕರೆದುರು ತೋರಿಸುವ ‘ಪ್ರೊಬೇಟ್’ನಲ್ಲಿ ಒಂದೇ ಬಗೆಯ ಉಡುಗೆ ತೊಟ್ಟು ಸಾಲಾಗಿ ನಿಂತು ಹೆಜ್ಜೆ, ಚಪ್ಪಾಳೆಗಳ ತಾಳದಲ್ಲಿ ಸಂಘದ ಚರಿತ್ರೆ ಒಪ್ಪಿಸುತ್ತಾರೆ. ಪದವಿ ಮುಗಿದ ಮೇಲೂ ಊರೂರಿನ ಚಾಪ್ಟರ್‌ಗಳಲ್ಲಿ ಕೆಲಸ ಮುಂದುವರಿಯುತ್ತದೆ. ಪದವಿ ಪಡೆದವರು ಕೂಡ ಹೊಸದಾಗಿ ಸೇರಬಹುದು. 1930ರ ದಶಕದಲ್ಲಿ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆಯರು ವೈದ್ಯೆ ಡೊರೊತಿ ಫೆರಬಿ ಅವರ ಮುಂದಾಳತ್ವದಲ್ಲಿ ಪ್ರತಿ ಬೇಸಿಗೆ ಮಿಸಿಸಿಪ್ಪಿಯ ಹತ್ತಿಹೊಲಗಳಿಗೆ ಹೋಗಿ ಬಡ ಕಪ್ಪು ಕುಟುಂಬಗಳ ಮಕ್ಕಳಿಗೆ ಲಸಿಕೆ ಹಾಕಿದರು. ಸೊರಾರಿಟಿಗಳ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಗೌರವ ಹುಟ್ಟಿಸುವ ಕೆಲಸ ಕಾಣುವುದು ಕಷ್ಟ. ಕಾದಂಬರಿಕಾರ್ತಿ ಟೋನಿ ಮಾರಿಸನ್ ಈ ಸಂಘದವರಾಗಿದ್ದರು. ತಮಿಳುನಾಡು ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಹೊವಾರ್ಡಿನಲ್ಲೇ ಸೇರಿದರು.

ಬಿಳಿಯರ ಸಂಘಗಳ ಬಾಗಿಲು ಎಷ್ಟು ಕಾಲ ಬಿಗಿಯಾಗಿತ್ತೆಂಬುದಕ್ಕೆ ಮತ್ತೆ ಟಸ್ಕಲೂಸಾಕ್ಕೇ ಬರಬೇಕು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ಗವರ್ನರ್ ಜಾರ್ಜ್ ವಾಲೆಸ್ ಬಾಗಿಲಿಗೆ ಅಡ್ಡ ನಿಂತದ್ದು 1963ರಲ್ಲಿ. ಐವತ್ತು ವರ್ಷಗಳ ನಂತರ, 2013ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ಕ್ರಿಮ್ಸನ್ ವೈಟ್’ ಒಂದು ವರದಿ ಪ್ರಕಟಿಸಿತು. ಎಲ್ಲ ಬಗೆಯಲ್ಲೂ ಅರ್ಹಳಾಗಿದ್ದ ಕಪ್ಪು ವಿದ್ಯಾರ್ಥಿನಿಯನ್ನು ಒಳಗಿನ ಹುಡುಗಿಯರು ಬಯಸಿದರೂ ಹಳೆಯ ಸದಸ್ಯೆಯರ ಒತ್ತಡದಿಂದ ಕೈಬಿಡಲಾಯಿತು ಎಂದು ಸದಸ್ಯೆಯರೇ ಮುಂದೆ ಬಂದು ಹೇಳಿದ್ದರು. ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದರು. ಆಗಿನ ಅಧ್ಯಕ್ಷೆ ಜೂಡಿ ಬಾನರ್ ಆಯ್ಕೆಯನ್ನು ಮತ್ತೆ ತೆರೆಯಿಸಿದರು, ಅದೇ ತಿಂಗಳು ಕಪ್ಪು ಹುಡುಗಿಯರಿಗೆ ಬಿಡ್ ಸಿಕ್ಕಿತು. ತಮ್ಮ ಮನೆಯ ಗುಟ್ಟನ್ನು ಹೊರಗೆ ಹೇಳಿದ ಆ ಹುಡುಗಿಯರು ಬೆಟ್ಟಿ ಲಾಕ್‌ಳ ನಿಜವಾದ ವಾರಸುದಾರರು.

ಭಾರತೀಯ ಮೂಲದ ಹುಡುಗಿಯರ ಸಂಘಗಳು 1998ರ ಕೊನೆಯಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ, ಮೂರು ಕಡೆ ಹುಟ್ಟಿದವು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಇದು ಆಕಸ್ಮಿಕವಲ್ಲ. 1965ರ ವಲಸೆ ಕಾನೂನಿನ ನಂತರ ಬಂದ ಎಂಜಿನಿಯರ್, ವೈದ್ಯರ ಮಕ್ಕಳು ಕಾಲೇಜು ಮುಟ್ಟಿದ ಕಾಲವದು. ಕನ್ನಡ ಕೂಟಗಳ ಯುಗಾದಿ, ರಾಜ್ಯೋತ್ಸವಗಳಲ್ಲಿ ಬೆಳೆದ ಹುಡುಗಿಯರೂ ಆ ಪೀಳಿಗೆಯವರೇ. ಕೂಟದಲ್ಲಿ ಅಪ್ಪ ಅಮ್ಮನ ಭಾಷೆಯಿಂದ ಗುರುತು; ಈ ಸಂಘಗಳಲ್ಲಿ ಗುಜರಾತಿ, ತೆಲುಗು, ಪಂಜಾಬಿ, ಬಂಗಾಳಿ ಮನೆಗಳ ಹುಡುಗಿಯರೆಲ್ಲ ‘ದೇಸಿ’ ಎಂಬ ಒಂದೇ ಗುರುತಿನಡಿ ಸೇರಿದರು. ಸಾಮಾನ್ಯವಾಗಿ ಇವುಗಳಿಗೆ ದೊಡ್ಡ ಮನೆಗಳಿಲ್ಲ, ಖರ್ಚೂ ಕಡಿಮೆ. ಸೇರುವ ಕ್ರಮ ಡಿವೈನ್ ನೈನ್‌ಗೆ ಹತ್ತಿರ.

ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದಕ್ಕೆ ಅಲ್ಲಿ ಹೇಜಿಂಗ್ ಎಂದು ಹೆಸರು. ಗ್ರೀಕ್ ಲೈಫಿನ ಮೇಲಿನ ಇನ್ನೊಂದು ದೂರು ಇದು. ಇದರಿಂದಾದ ಹೆಚ್ಚಿನ ಸಾವುಗಳು ಹುಡುಗರ ಸಂಘಗಳಲ್ಲಿ ಆಗಿವೆ, ಆದರೆ ಸೊರಾರಿಟಿಗಳೂ ಇದರಿಂದ ಮುಕ್ತವಲ್ಲ. ಡಿವೈನ್ ನೈನ್ ಸಂಘಗಳು, ಸೇರುವ ಮುನ್ನ ಹೊಸಬರನ್ನು ಪರೀಕ್ಷೆಗೊಡ್ಡುವ ಹಳೆಯ ‘ಪ್ಲೆಜಿಂಗ್’ ಪದ್ಧತಿಯನ್ನೇ 1990ರಲ್ಲಿ ಕೈಬಿಟ್ಟವು. ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂಬ ರಾಷ್ಟ್ರೀಯ ಕಾನೂನು 2024ರ ಡಿಸೆಂಬರ್‌ನಲ್ಲಿ ಬಂತು. ಇನ್ನೊಂದು ತೊಡಕು ನಿಯಮದಿಂದಲೇ ಹುಟ್ಟಿದ್ದು. ಒಕ್ಕೂಟದ ಸೊರಾರಿಟಿ ಮನೆಗಳಲ್ಲಿ ಮದ್ಯ ನಿಷಿದ್ಧ. ಹಾಗಾಗಿ ಪಾರ್ಟಿಗಳು ನಡೆಯುವುದು ಹುಡುಗರ ಮನೆಗಳಲ್ಲಿ. ಯಾರನ್ನು ಒಳಬಿಡಬೇಕು, ಏನು ಕುಡಿಸಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಹುಡುಗಿಯರ ಸುರಕ್ಷತೆಗೆಂದು ಮಾಡಿದ ನಿಯಮ ಅವರ ಸುರಕ್ಷತೆಯನ್ನು ಬೇರೆಯವರ ಕೈಗೆ ಕೊಟ್ಟಿದೆ. ಇದು ಬದಲಾಗಲೇಬೇಕು. 2020ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಮೊದಲಾದ ಕಡೆ ಸದಸ್ಯೆಯರೇ ಗ್ರೀಕ್ ಲೈಫ್ ಬೇಡವೆಂದು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ಹಲವು ಸಂಘಗಳು ತಾಯಿ, ಅಜ್ಜಿ ಸದಸ್ಯೆಯರಾಗಿದ್ದವರಿಗೆ ಕೊಡುತ್ತಿದ್ದ ಆದ್ಯತೆಯನ್ನೂ ತೆಗೆದುಹಾಕಿದವು.

ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆ ತೀರಿಕೊಂಡರೆ, ಎಂಬತ್ತು ತೊಂಬತ್ತು ವರ್ಷದವಳಾಗಿದ್ದರೂ, ಊರಿನ ಸೋದರಿಯರು ಬಿಳಿಯುಟ್ಟು ಬಂದು ಶವಪೆಟ್ಟಿಗೆಯ ಸುತ್ತ ನಿಂತು ತಮ್ಮ ವಿಧಿಯಂತೆ ಅವಳನ್ನು ಬೀಳ್ಕೊಡುತ್ತಾರೆ.